ಕುಟ್ಟು, ಬೀಸು, ರುಬ್ಬು, ಅರೆ: ಹೊಸೂರು–ಕೃಷ್ಣಗಿರಿ ಗಡಿನಾಡಿನ ಹಳೆಯ ಅಡುಗೆಮನೆ



ಇಂದು ಹೊಸೂರಿನ ಯಾವ ಮನೆಯ ಅಡುಗೆಮನೆಗೆ ಹೋದರೂ ಗ್ಯಾಸ್ ಒಲೆ, ಕುಕ್ಕರ್, ಮಿಕ್ಸಿ, ಗ್ರೈಂಡರ್, ಫ್ರಿಜ್ ಕಾಣುತ್ತವೆ. ಇವು ಯಾವುವೂ ಇಲ್ಲದ ಕಾಲದಲ್ಲಿ ನಮ್ಮ ಅಜ್ಜಿಯರು, ಮುತ್ತಜ್ಜಿಯರು ಹತ್ತು ಹದಿನೈದು ಜನರ ಕೂಡುಕುಟುಂಬಕ್ಕೆ ದಿನಕ್ಕೆ ಎರಡು ಹೊತ್ತು ಅಡುಗೆ ಮಾಡಿ ಹಾಕುತ್ತಿದ್ದರು. ಅದು ಹೇಗೆ ಸಾಧ್ಯವಾಗುತ್ತಿತ್ತು? ಯಾವ ಸಾಮಾನು ಬಳಸುತ್ತಿದ್ದರು? ಸೌದೆ, ನೀರು, ಹೊತ್ತು ಇವನ್ನು ಹೇಗೆ ಉಳಿಸುತ್ತಿದ್ದರು? ಈ ಲೇಖನದಲ್ಲಿ ಅದನ್ನು ಒಂದೊಂದಾಗಿ ದಾಖಲಿಸಿದ್ದೇವೆ. ಅಡುಗೆಮನೆಯ ಸಾಮಾನಿನ ಜೊತೆಗೇ ಹೋಗುತ್ತಿರುವ ಕನ್ನಡ ಪದಗಳನ್ನು ಉಳಿಸಿಕೊಳ್ಳುವುದೂ ಇದರ ಉದ್ದೇಶ.

ನಮ್ಮ ನೆಲ, ನಮ್ಮ ಬೆಳೆ

ಹೊಸೂರು, ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು ಭಾಗ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಣ್ಣು, ಮಳೆ, ಹವೆ ಎಲ್ಲದರಲ್ಲೂ ಇದು ಪಕ್ಕದ ಆನೇಕಲ್ಲು, ಮಾಲೂರು ಸೀಮೆಯ ಮುಂದುವರಿಕೆ. ಘಟ್ಟ ಇಳಿದು ಕೃಷ್ಣಗಿರಿಗೆ ಬಂದರೆ ಬಿಸಿಲು ಹೆಚ್ಚು. ಅಲ್ಲಿ ಮಾವು, ಹುಣಸೆ ಹೇರಳ.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಕೃಷ್ಣಗಿರಿ ಕಡೆಯ ಬಾರಾಮಹಲ್ ಸೀಮೆ ಮೈಸೂರಿನ ಕೈತಪ್ಪಿ ಕಂಪನಿ ಸರ್ಕಾರಕ್ಕೆ ಸೇರಿತು. 1799ರಲ್ಲಿ ಟಿಪ್ಪು ಸುಲ್ತಾನರ ಪತನದ ನಂತರ ಹೊಸೂರು ಭಾಗವೂ ಸೇರಿತು. ಆಮೇಲೆ ಇದು ಸೇಲಂ ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಬಂತು. ಇಷ್ಟು ಸಲ ಜಿಲ್ಲೆ ಬದಲಾದರೂ ಹೊಲದ ಬೆಳೆ ಮತ್ತು ತಟ್ಟೆಯ ಊಟ ಬದಲಾಗಿರಲಿಲ್ಲ. ಮಳೆಯಾಶ್ರಿತ ಹೊಲದಲ್ಲಿ ರಾಗಿ, ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ, ಹರಳು. ಹುರುಳಿ ಬೇರೆ ಹೊಲದಲ್ಲಿ. ಕೆರೆಯ ಕೆಳಗೆ ನೀರಿದ್ದರೆ ಭತ್ತ. ಒಂದು ಹೊಲವೇ ಹಿಟ್ಟು, ಬೇಳೆ, ಎಣ್ಣೆ, ಒಗ್ಗರಣೆ ಎಲ್ಲವನ್ನೂ ಕೊಡುತ್ತಿತ್ತು. ಅಂಗಡಿಯಿಂದ ತರಬೇಕಾದದ್ದು ಉಪ್ಪು ಮತ್ತು ಇನ್ನು ಕೆಲವು ಸಾಮಾನು ಮಾತ್ರ. ಅನ್ನ ಹಬ್ಬಕ್ಕೆ, ನೆಂಟರಿಗೆ, ಕಾಯಿಲೆ ಬಿದ್ದವರಿಗೆ.

ವರ್ಷದ ಕಾಳು ಇಡುವ ಬಗೆ

ಅಡುಗೆ ಶುರುವಾಗುತ್ತಿದ್ದುದು ಒಲೆಯ ಮುಂದಲ್ಲ, ಕಣದಲ್ಲಿ. ಸುಗ್ಗಿಯಲ್ಲಿ ರಾಗಿ ತೆನೆಯ ಮೇಲೆ ಎತ್ತು ಕಟ್ಟಿದ ರೋಣಗಲ್ಲು ಉರುಳಿಸಿ, ತೂರಿ, ಕಾಳನ್ನು ಚೆನ್ನಾಗಿ ಒಣಗಿಸುತ್ತಿದ್ದರು. ಇಡಲು ಹಲವು ಬಗೆ ಇದ್ದವು. ಬಿದಿರು ಹೆಣೆದು ಸಗಣಿ ಸಾರಿಸಿದ್ದು ಕಣಜ. ಮಣ್ಣಿನ ದೊಡ್ಡ ಪಾತ್ರೆ ಗುಡಾಣ. ನೆಲದಲ್ಲಿ ತೋಡಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ಗುಂಡಿ ಹಗೇವು.

ಹಗೇವಿನ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಕಾರಣ ಸರಳ: ಒಳಗೆ ಮುಚ್ಚಿಹೋದ ಗಾಳಿಯಲ್ಲಿ ಆಮ್ಲಜನಕ ತೀರುತ್ತದೆ, ಹುಳ ಬದುಕಲಾರದು. ಮನುಷ್ಯರಿಗೂ ಅದೇ ಅಪಾಯ. ಆದ್ದರಿಂದ ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು. ಬರಗಾಲದಲ್ಲಿ ಊರನ್ನು ಕಾಯುತ್ತಿದ್ದುದು ಈ ಗುಂಡಿಗಳೇ.

ಕಲ್ಲುಗಳು ನಾಲ್ಕು, ಕೆಲಸಗಳು ನಾಲ್ಕು

ಇಂದು ನಾವು ಎಲ್ಲದಕ್ಕೂ ‘ಮಿಕ್ಸಿಗೆ ಹಾಕು’ ಎನ್ನುತ್ತೇವೆ. ಹಳೆಯ ಮನೆಯಲ್ಲಿ ಪ್ರತಿ ಕೆಲಸಕ್ಕೂ ಬೇರೆ ಕಲ್ಲು, ಬೇರೆ ಪದ ಇತ್ತು.

*ಬೀಸುವುದು.* ಒಣ ಕಾಳನ್ನು ಹಿಟ್ಟು ಮಾಡುವುದು. ಇದಕ್ಕೆ ರಾಗಿ ಕಲ್ಲು ಅಥವಾ ಬೀಸುವ ಕಲ್ಲು. ಒಂದರ ಮೇಲೊಂದು ಎರಡು ದುಂಡು ಕಲ್ಲು. ಮೇಲಿನ ಕಲ್ಲಿನ ನಡುವಿನ ಬಾಯಿಗೆ ಹಿಡಿ ಹಿಡಿ ರಾಗಿ ಹಾಕಿ, ಗೂಟ ಹಿಡಿದು ತಿರುಗಿಸಿದರೆ ಸುತ್ತಲೂ ಹಿಟ್ಟು ಉದುರುತ್ತದೆ. ಕಲ್ಲು ಸವೆದು ನುಣುಪಾದರೆ ಉಳಿಯಿಂದ ಕುಟ್ಟಿಸಿ ಮತ್ತೆ ಒರಟು ಮಾಡಿಸಬೇಕು. ಕೋಳಿ ಕೂಗುವ ಹೊತ್ತಿಗೆ ಎದ್ದು ಇಬ್ಬರು ಹೆಂಗಸರು ಎದುರು ಬದುರು ಕೂತು ಬೀಸುತ್ತಿದ್ದರು. ಆ ಬೇಸರ ಕಳೆಯಲು ಹುಟ್ಟಿದ್ದೇ ಬೀಸುವ ಪದಗಳು. ನಮ್ಮ ತ್ರಿಪದಿಯ ದೊಡ್ಡ ಭಾಗ ಈ ಕಲ್ಲಿನ ಮುಂದೆ ಬೆಳೆದದ್ದು.

*ಕುಟ್ಟುವುದು.* ಒರಳಿಗೆ ಹಾಕಿ ಒನಕೆಯಿಂದ ಮೇಲಿಂದ ಹೊಡೆಯುವುದು. ಭತ್ತದ ಹೊಟ್ಟು ಬಿಡಿಸಲು, ಮೆಣಸಿನಪುಡಿ, ಸಾರಿನಪುಡಿ, ಅವಲಕ್ಕಿ ಮಾಡಲು. ಕುಟ್ಟಿದ್ದನ್ನು ಮೊರದಲ್ಲಿ ಕೇರಿ, ಜರಡಿ ಹಿಡಿದು, ಮೇಲೆ ಉಳಿದದ್ದನ್ನು ಮತ್ತೆ ಕುಟ್ಟಬೇಕು.

*ರುಬ್ಬುವುದು.* ನೆನೆಸಿದ ಅಕ್ಕಿ, ಉದ್ದನ್ನು ನೀರಿನೊಂದಿಗೆ ಒರಳುಕಲ್ಲಿನಲ್ಲಿ ಗುಂಡುಕಲ್ಲು ತಿರುಗಿಸಿ ಹಿಟ್ಟು ಮಾಡುವುದು. ದೋಸೆ, ಇಡ್ಲಿ ಹಬ್ಬದ ತಿಂಡಿಯಾಗಿದ್ದ ಕಾಲದಲ್ಲಿ ಇದು ಅಪರೂಪದ ಕೆಲಸ.

*ಅರೆಯುವುದು.* ಚಪ್ಪಟೆ ಕಲ್ಲಿನ ಮೇಲೆ ಉದ್ದನೆಯ ಗುಂಡನ್ನು ಹಿಂದೆ ಮುಂದೆ ಎಳೆದು ಖಾರ, ಕಾಯಿ, ಹುಣಸೆ, ಬೆಳ್ಳುಳ್ಳಿಯನ್ನು ನುಣ್ಣಗೆ ಮಾಡುವುದು. ನಮ್ಮ ಕಡೆ ಇದಕ್ಕೆ ತಮಿಳಿನಿಂದ ಬಂದ ‘ಅಮ್ಮಿ’ ಎಂಬ ಹೆಸರೂ ಇದೆ.

ಇದಲ್ಲದೆ ಜಜ್ಜುವುದು ಶುಂಠಿ, ಬೆಳ್ಳುಳ್ಳಿಗೆ; ತೇಯುವುದು ಮಗುವಿನ ಮದ್ದಿಗೆ; ಮಸೆಯುವುದು ಬೆಂದ ಸೊಪ್ಪಿಗೆ; ಕಡೆಯುವುದು ಮಜ್ಜಿಗೆಗೆ. ಇವೆಲ್ಲ ಒಂದೇ ಕೆಲಸದ ಬೇರೆ ಹೆಸರುಗಳಲ್ಲ. ಕುಟ್ಟಿದ ಪುಡಿಯ ರುಚಿ ಬೇರೆ, ಅರೆದ ಖಾರದ ರುಚಿ ಬೇರೆ ಎಂಬುದು ಉಂಡವರಿಗೆ ಗೊತ್ತು.

ಒಲೆ ಮತ್ತು ಸೌದೆಯ ಲೆಕ್ಕ

ಮಣ್ಣಿನ ಒಲೆಯನ್ನು ಮನೆಯ ಹೆಂಗಸರೇ ಹಾಕುತ್ತಿದ್ದರು. ಮುಂದೆ ಸೌದೆ ಇಡುವ ಬಾಯಿ, ಮೇಲೆ ದೊಡ್ಡ ಮಡಕೆಯ ಜಾಗ, ಪಕ್ಕದಲ್ಲಿ ಅದಕ್ಕೆ ಸೇರಿದಂತೆ ಒಂದು ಕೋಡೊಲೆ. ಮುಖ್ಯ ಒಲೆಯಲ್ಲಿ ಮುದ್ದೆಗೆ ಎಸರು ಕುದಿಯುವಾಗ, ಒಳಗಿನಿಂದಲೇ ಹಾದು ಬರುವ ಉರಿಯಲ್ಲಿ ಕೋಡೊಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ. ಒಂದೇ ಸೌದೆಗೆ ಎರಡು ಪಾತ್ರೆ.

ಉರಿಗೂ ಲೆಕ್ಕವಿತ್ತು. ಬೇಗ ಹತ್ತಿಕೊಳ್ಳಲು ತೊಗರಿ ಕಡ್ಡಿ, ಒಣಗಿದ ಪುಳ್ಳೆ. ನಿಂತು ಉರಿಯಲು ಹುಣಸೆ, ಹೊಂಗೆಯ ಸೌದೆ. ನಿಧಾನ ಬೇಯಲು ಬೆರಣಿ. ರೇಷ್ಮೆ ಸಾಕುವ ಮನೆಗಳಲ್ಲಿ ಎಲೆ ತೆಗೆದ ಹಿಪ್ಪುನೇರಳೆ ಕಡ್ಡಿಯೂ ಒಲೆಗೆ ಬರುತ್ತಿತ್ತು. ರಾತ್ರಿ ಮಲಗುವ ಮುಂಚೆ ಕೆಂಡವನ್ನು ಬೂದಿಯಲ್ಲಿ ಹೂಳಿಟ್ಟರೆ ಬೆಳಗ್ಗೆ ಊದುಗೊಳವೆಯಿಂದ ಊದಿ ಉರಿ ಎಬ್ಬಿಸಬಹುದು, ಬೆಂಕಿಕಡ್ಡಿ ಉಳಿಯುತ್ತದೆ. ಆರಿಹೋಗಿದ್ದರೆ ಪಕ್ಕದ ಮನೆಯಿಂದ ಕೆಂಡ ತರುತ್ತಿದ್ದರು. ಉಳಿದ ಬೂದಿ ಪಾತ್ರೆ ಬೆಳಗಲು, ಬೀಜದ ಕಾಳಿಗೆ ಬೆರೆಸಲು, ಗೊಬ್ಬರದ ಗುಂಡಿಗೆ.

ಒಲೆಯ ಹೊಗೆಯೂ ಕೆಲಸ ಮಾಡುತ್ತಿತ್ತು. ಮೇಲಿನ ಅಟ್ಟದಲ್ಲಿಟ್ಟ ಬೀಜಕ್ಕೆ, ಬೆಳ್ಳುಳ್ಳಿ ಗೊಂಚಲಿಗೆ ಹೊಗೆ ಹಿಡಿದು ಹುಳ ಬೀಳುತ್ತಿರಲಿಲ್ಲ. ತೊಲೆಗೆ ತೂಗುಹಾಕಿದ ನೆಲುವಿನಲ್ಲಿ ಹಾಲು, ಬೆಣ್ಣೆಯ ಮಡಕೆಗಳು ಬೆಕ್ಕಿಗೂ ಇರುವೆಗೂ ಸಿಗದಂತೆ ಇರುತ್ತಿದ್ದವು.

ಮುದ್ದೆ ತಿರುವುವ ಕ್ರಮ

ಹಳೆಯ ಕ್ರಮ ಹೀಗಿತ್ತು. ಒಂದು ಅಳತೆ ಹಿಟ್ಟಿಗೆ ಸುಮಾರು ಎರಡು ಅಳತೆ ನೀರು. ಮಡಕೆಯಲ್ಲಿ ಎಸರು ಕುದಿಯಲು ಇಟ್ಟು, ಸ್ವಲ್ಪ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹುಯ್ಯುವುದು. ಕೆಲವರು ಅಕ್ಕಿ ನುಚ್ಚು ಹಾಕಿ ಮೊದಲು ಬೇಯಿಸುತ್ತಿದ್ದರು. ಎಸರು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ಒಂದು ತೂತು ಮಾಡಿ ಬಿಡುವುದು. ಈಗ ಕಲಕಬಾರದು. ತೂತಿನಿಂದ ಕುದಿನೀರು ಮೇಲೆ ಬಂದು ಹಿಟ್ಟು ಹಬೆಯಲ್ಲಿ ಬೇಯಬೇಕು. ಆತುರಪಟ್ಟು ಕಲಕಿದರೆ ಹೊರಗೆ ಬೆಂದು ಒಳಗೆ ಹಸಿಯಾಗಿ ಗಂಟು ಉಳಿಯುತ್ತದೆ.

ಬೆಂದ ಮೇಲೆ ಮಡಕೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಅದು ಅಲ್ಲಾಡದಂತೆ ಒತ್ತಿಹಿಡಿದು, ಮುದ್ದೆ ಕೋಲಿನಿಂದ ಬಲ ಹಾಕಿ ತಿರುವಬೇಕು. ದೊಡ್ಡ ಸಂಸಾರದ ಮುದ್ದೆ ತಿರುವುವುದು ತೋಳಿನ ಶಕ್ತಿ ಬೇಡುವ ಕೆಲಸ. ಮತ್ತೆ ಸಣ್ಣ ಉರಿಯಲ್ಲಿ ಸ್ವಲ್ಪ ಹೊತ್ತಿಟ್ಟು, ನೀರು ಸವರಿದ ಹಲಗೆಗೆ ಹಾಕಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟುವುದು. ಮಡಕೆಯ ತಳದಲ್ಲಿ ಅಂಟಿದ ಸೀಕಲು ಮಕ್ಕಳ ಪಾಲು.

ಬೀಸುವ ಕಲ್ಲಿನ ಹಿಟ್ಟಿನಲ್ಲಿ ತೌಡೂ ಸೇರಿರುತ್ತಿತ್ತು. ರಾಗಿಯ ಸುಣ್ಣದಂಶಕ್ಕೆ ಸಾಟಿಯಾದ ಧಾನ್ಯ ಸುಲಭಕ್ಕೆ ಸಿಗದು. 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 300 ಮಿಲಿಗ್ರಾಂಗೂ ಹೆಚ್ಚು. ಅಷ್ಟೇ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು. 16ನೇ ಶತಮಾನದಲ್ಲಿ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತದ ಎದುರು ರಾಗಿಯನ್ನು ಗೆಲ್ಲಿಸಿದ್ದು ಸುಮ್ಮನೆ ಅಲ್ಲ.

ಒಂದು ಬೇಯಿಸು, ಎರಡು ಅಡುಗೆ

ಬಸ್ಸಾರು ನಮ್ಮ ಸೀಮೆಯ ಸೌದೆ ಉಳಿಸುವ ಜಾಣತನಕ್ಕೆ ಒಳ್ಳೆಯ ಉದಾಹರಣೆ. ಕಾಳು ಮತ್ತು ಸೊಪ್ಪನ್ನು ಒಟ್ಟಿಗೆ ಬೇಯಿಸಿ, ನೀರನ್ನು ಬಸಿಯುತ್ತಾರೆ. ಬಸಿದ ಕಟ್ಟಿಗೆ ಅರೆದ ಖಾರ ಸೇರಿಸಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೆಂದ ನೀರಿನ ಸತ್ವವೂ ಚೆಲ್ಲಿಹೋಗುವುದಿಲ್ಲ. ಬೆಂದದ್ದನ್ನು ಬಸಿಯದೆ ಮಸೆದರೆ ಮಸ್ಸೊಪ್ಪು.

ಹುರುಳಿ ಬೇಯಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಹಿಂದಿನ ದಿನವೇ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದರು. ಮೊಳಕೆ ಕಾಳು ಬೇಗ ಬೇಯುತ್ತದೆ, ಹೊಟ್ಟೆಗೂ ಹಗುರ. ಡಿಸೆಂಬರ್–ಜನವರಿಯ ಸೊಗಡವರೆ ಕಾಲದಲ್ಲಿ ಕಾಳನ್ನು ನೆನೆಸಿ ಸಿಪ್ಪೆ ಹಿಸುಕಿ ತೆಗೆದ ಹಿತಕಿದ ಬೇಳೆ ಸಾರು. ಮಳೆಗಾಲದಲ್ಲಿ ಹೊಲದ ಬದುವಿನಿಂದ ಅಣ್ಣೆ, ಗೋಣಿ, ಹೊನಗೊನ್ನೆ, ಕೀರೆ ಸೇರಿಸಿ ತಂದ ಬೆರಕೆ ಸೊಪ್ಪು. ಇದಕ್ಕೆ ಕಾಸು ಕೊಡಬೇಕಾಗಿರಲಿಲ್ಲ. ಯಾವುದು ತಿನ್ನುವ ಸೊಪ್ಪು, ಯಾವುದು ಅಲ್ಲ ಎಂದು ಗೊತ್ತಿದ್ದರೆ ಸಾಕಿತ್ತು.

ಫ್ರಿಜ್ ಇಲ್ಲದೆ ಕಾಪಿಡುವುದು

ಉಳಿದ ಮುದ್ದೆ ಬೆಳಗಿನ ಊಟ. ಅದನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ ಸೇರಿಸಿ ಕುಡಿದು ಹೊಲಕ್ಕೆ ಹೋಗುತ್ತಿದ್ದರು. ಅಂಬಲಿಯನ್ನು ಮಣ್ಣಿನ ಮಡಕೆಯಲ್ಲಿ ರಾತ್ರಿಯಿಡೀ ಹುಳಿ ಬರಿಸುತ್ತಿದ್ದರು. ಮಡಕೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗುವುದರಿಂದ ಒಳಗಿನದು ತಂಪಾಗಿರುತ್ತದೆ. ಸಾರನ್ನು ಹೊತ್ತು ಹೊತ್ತಿಗೆ ಕುದಿಸಿ ಇಡುತ್ತಿದ್ದರು. ಹಾಲನ್ನು ಬೆರಣಿಯ ಸಣ್ಣ ಕಾವಿನಲ್ಲಿ ದಿನವಿಡೀ ಕಾಯಿಸಿ, ಸಂಜೆ ಹೆಪ್ಪು ಹಾಕಿ, ಬೆಳಗ್ಗೆ ಕಡಗೋಲಿನಿಂದ ಕಡೆದು ಬೆಣ್ಣೆ ತೆಗೆಯುತ್ತಿದ್ದರು. ಹಾಲು ಕೆಡುತ್ತದೆ, ತುಪ್ಪ ತಿಂಗಳುಗಟ್ಟಲೆ ಉಳಿಯುತ್ತದೆ.

ಬೇಸಿಗೆಯ ಬಿಸಿಲು ಇನ್ನೊಂದು ಉಪಕರಣ. ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಒಣಗಿಸಿದ ಅವರೆಕಾಳು, ಬೀಜ ತೆಗೆದು ಉಪ್ಪು ಬೆರೆಸಿ ಉಂಡೆ ಕಟ್ಟಿದ ಹುಣಸೆಹಣ್ಣು, ಜಾಡಿ ತುಂಬ ಮಾವಿನಕಾಯಿ ಉಪ್ಪಿನಕಾಯಿ ಇವೆಲ್ಲ ಮಳೆಗಾಲ ಬರುವ ಮುಂಚೆ ಸಿದ್ಧವಾಗಬೇಕು. ದಿಢೀರ್ ತಿಂಡಿಯೂ ಇತ್ತು: ಒದ್ದೆ ಮಾಡಿದ ರಾಗಿಯನ್ನು ಕಾದ ಮರಳಿನಲ್ಲಿ ಅರಳಿಸಿ ಬೀಸಿದ ಹುರಿಹಿಟ್ಟು. ಬೆಲ್ಲ, ಹಾಲು ಕಲಸಿದರೆ ಊಟವಾಯಿತು. ಒಲೆ ಹಚ್ಚುವುದೇ ಬೇಡ.

ಮೂರು ಭಾಷೆಯ ಒಂದೇ ಅಡುಗೆಮನೆ

ನಮ್ಮ ಊರುಗಳಲ್ಲಿ ಕನ್ನಡ, ತೆಲುಗು, ತಮಿಳು ಮನೆಗಳು ಒಂದೇ ಬೀದಿಯಲ್ಲಿವೆ. ಸಾಮಾನು ಒಂದೇ, ಹೆಸರು ಮೂರು. ಮಕ್ಕಳಿಗೆ ಹೇಳಿಕೊಡಲು ಕೆಲವನ್ನು ಕನ್ನಡ, ತಮಿಳು, ತೆಲುಗು ಕ್ರಮದಲ್ಲಿ ಕೊಟ್ಟಿದ್ದೇವೆ.

- ಒರಳು – ಉರಲ್ – ರೋಲು
- ಒನಕೆ – ಉಲಕ್ಕೈ – ರೋಕಲಿ
- ಬೀಸುವ ಕಲ್ಲು – ತಿರುಗೈ – ತಿರಗಲಿ
- ಮೊರ – ಮುರಂ – ಚೇಟ
- ಒಲೆ – ಅಡುಪ್ಪು – ಪೊಯ್ಯಿ
- ರಾಗಿ ಮುದ್ದೆ – ಕಳಿ – ಸಂಗಟಿ

ಒರಳು–ಉರಲ್, ಮೊರ–ಮುರಂ ಎಂಬ ಜೋಡಿಗಳನ್ನು ನೋಡಿದರೆ ಈ ಭಾಷೆಗಳ ನೆಂಟಸ್ತಿಕೆ ಎಷ್ಟು ಹಳೆಯದು ಎಂದು ತಿಳಿಯುತ್ತದೆ.

ಬದಲಾವಣೆ ಬಂದ ದಾರಿ

ಮೊದಲು ಹೋದದ್ದು ಬೀಸುವ ಕಲ್ಲು. ಊರಿಗೆ ಕರೆಂಟು ಬಂದು ಹಿಟ್ಟಿನ ಮಿಷನ್ ಶುರುವಾದಾಗ ಹೆಂಗಸರು ರಾಗಿ ಚೀಲ ಹೊತ್ತು ಅಲ್ಲಿಗೆ ನಡೆದರು. ಆಮೇಲೆ ಸೀಮೆಎಣ್ಣೆ ಸ್ಟವ್, ಅಲ್ಯೂಮಿನಿಯಂ ಪಾತ್ರೆ, ಕುಕ್ಕರ್. ಕುಕ್ಕರ್ ತಯಾರಿಸುವ ಟಿಟಿಕೆ ಪ್ರೆಸ್ಟೀಜ್ ಕಾರ್ಖಾನೆ ನಮ್ಮ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲೇ ಇದೆ. 2008ರಲ್ಲಿ ತಮಿಳುನಾಡಿನ ಪಡಿತರ ಅಂಗಡಿಯಲ್ಲಿ ಅಕ್ಕಿ ಕಿಲೋಗೆ ಒಂದು ರೂಪಾಯಿ ಆಯಿತು, 2011ರಿಂದ ಉಚಿತವಾಯಿತು. ಅದೇ 2011ರಲ್ಲಿ ರಾಜ್ಯ ಸರ್ಕಾರ ಉಚಿತ ಮಿಕ್ಸಿ, ಗ್ರೈಂಡರ್, ಫ್ಯಾನ್ ಯೋಜನೆ ಆರಂಭಿಸಿತು. 2016ರಲ್ಲಿ ಕೇಂದ್ರದ ಉಜ್ವಲ ಯೋಜನೆಯಿಂದ ಇನ್ನಷ್ಟು ಮನೆಗಳಿಗೆ ಗ್ಯಾಸ್ ಸಂಪರ್ಕ ಬಂತು. ಹಬ್ಬದ ಅನ್ನ ದಿನದ ಅನ್ನವಾಯಿತು. ಒರಳುಕಲ್ಲು ಹಿತ್ತಲಿಗೆ ಹೋಗಿ ಕೋಳಿಗೆ ನೀರಿಡುವ ತೊಟ್ಟಿಯಾಯಿತು.

ಇದನ್ನು ನಷ್ಟ ಎಂದಷ್ಟೇ ಬರೆದರೆ ತಪ್ಪಾಗುತ್ತದೆ. ಆ ಕಲ್ಲು ತಿರುಗಿಸಿದ್ದು ಹೆಂಗಸರ ತೋಳು, ಆ ಹೊಗೆ ಕುಡಿದದ್ದು ಹೆಂಗಸರ ಎದೆ. ಬಸುರಿ, ಬಾಣಂತಿ ಎನ್ನದೆ ಬೀಸಿದವರಿದ್ದಾರೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಗಿರಣಿ ಬಂದದ್ದರಿಂದ, ಗ್ಯಾಸ್ ಬಂದದ್ದರಿಂದ ಎಷ್ಟೋ ಹುಡುಗಿಯರು ಬೆಳಗಿನ ಹೊತ್ತು ಪುಸ್ತಕ ಹಿಡಿದರು. ಆ ಒಲೆಯ ಮುಂದೆ ಮತ್ತೆ ಕೂರಿ ಎಂದು ನಮ್ಮ ಅಕ್ಕತಂಗಿಯರಿಗೆ ಯಾರೂ ಹೇಳಬೇಕಾಗಿಲ್ಲ.

ಆದರೆ ಕಲ್ಲು ಹೋಗುವುದು ಬೇರೆ, ಮಾತು ಹೋಗುವುದು ಬೇರೆ. ತಮಿಳುನಾಡಿನಲ್ಲಿ 2006ರ ಕಾಯ್ದೆಯಿಂದ ಶಾಲೆಗಳಲ್ಲಿ ತಮಿಳು ಕಡ್ಡಾಯ ಪಾಠವಾಯಿತು. ಜೊತೆಗೆ ಇಂಗ್ಲಿಷ್ ಮಾಧ್ಯಮದ ಸೆಳೆತ ಇದ್ದೇ ಇದೆ. ನಮ್ಮ ಬಹಳಷ್ಟು ಮಕ್ಕಳಿಗೆ ಕನ್ನಡ ಕಿವಿಗೆ ಬೀಳುವುದು ಮನೆಯಲ್ಲಿ ಮಾತ್ರ, ಅದರಲ್ಲೂ ಅಡುಗೆಮನೆಯಲ್ಲಿ. ಅಲ್ಲಿಯೂ ಕುಟ್ಟು, ಬೀಸು, ರುಬ್ಬು, ಅರೆ, ಜಜ್ಜು, ಮಸೆ ಎಂಬ ಮಾತುಗಳೆಲ್ಲ ‘ಮಿಕ್ಸಿಗೆ ಹಾಕು’ ಎಂಬ ಒಂದೇ ಮಾತಿಗೆ ಇಳಿದರೆ ಉಳಿಯುವುದೇನು? ಕಲ್ಲನ್ನು ನಾಳೆಯೂ ಹಿತ್ತಲಿನಿಂದ ಎತ್ತಿ ತರಬಹುದು. ಹೆಸರು ಹೇಳುವ ಅಜ್ಜಿ ನಾಳೆ ಇರುತ್ತಾರೆ ಎಂದು ಹೇಳಲಾಗದು.

ಓದುಗರಲ್ಲಿ ಒಂದು ವಿನಂತಿ

ನಿಮ್ಮ ಮನೆಯ ಹಿರಿಯರ ಬಳಿ ಕೂತು ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ: ಸಾಮಾನಿನ ಹೆಸರು, ಅದರಿಂದ ಮಾಡುವ ಕೆಲಸಕ್ಕೆ ಬಳಸುವ ಮಾತು, ಅದನ್ನು ಯಾವುದರಿಂದ ಮಾಡಿದ್ದಾರೆ, ಅದರಲ್ಲಿ ಮಾಡುತ್ತಿದ್ದ ಅಡುಗೆ. ಸಾಧ್ಯವಾದರೆ ಒಂದು ಫೋಟೋ ತೆಗೆಯಿರಿ, ಬೀಸುವ ಪದ ಗೊತ್ತಿದ್ದರೆ ಮೊಬೈಲಿನಲ್ಲಿ ಅವರ ದನಿಯಲ್ಲೇ ಹಿಡಿದಿಡಿ. ಹಳ್ಳಿಯ ಹೆಸರು ಬರೆಯುವುದನ್ನು ಮರೆಯಬೇಡಿ. ತಳಿಯ ಪದ ಶೂಲಗಿರಿಯಲ್ಲಿ ಬೇರೆ ಇರಬಹುದು. ನಿಮ್ಮ ಬರಹವನ್ನು ಸಂಘಕ್ಕೆ ತಲುಪಿಸಿದರೆ ಇದೇ ಪುಟದಲ್ಲಿ ಸೇರಿಸುತ್ತೇವೆ. ಬರುವ ರಾಜ್ಯೋತ್ಸವದ ದಿನ ಮನೆಯಲ್ಲಿರುವ ಮೊರ, ಒನಕೆ, ಕಡಗೋಲು, ಊದುಗೊಳವೆಯನ್ನು ಮಕ್ಕಳ ಕೈಯಲ್ಲಿ ಕೊಟ್ಟು ಕರೆತನ್ನಿ. ಹೆಸರನ್ನು ಅವರೇ ಹೇಳಲಿ.